ಇಂಟರ್‌ಲಾಕ್ ಅಂಗಳಕ್ಕೆ ಸೀಲರ್ ಹೊಡೆಯುವ ಮುಂಚೆ: ಮಲೆನಾಡಿನ ಮಳೆಗೆ ಹೊಂದುವ ಲೆಕ್ಕ

ನಮ್ಮ ಮನೆ ಇರುವುದು ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಹೋಗುವ ದಾರಿಯಲ್ಲಿ. ಗೇಟಿನಿಂದ ಮನೆ ಬಾಗಿಲವರೆಗೆ ಸುಮಾರು 900 ಚದರ ಅಡಿ ಒಂದಕ್ಕೊಂದು ಕಚ್ಚಿಕೊಳ್ಳುವ ಕಾಂಕ್ರೀಟ್ ಬ್ಲಾಕು, ಅಂದರೆ ಇಂಟರ್‌ಲಾಕ್ ಹಾಕಿಸಿದ್ದೇವೆ. ಮೊದಲ ವರ್ಷ ನೋಡಿದವರೆಲ್ಲ ಹೊಗಳಿದರು. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ಹಲಸಿನ ಮರದ ಕೆಳಗಿನ ಭಾಗ ಪೂರ್ತಿ ಪಾಚಿ ಕಟ್ಟಿತ್ತು. ಬೆಳಿಗ್ಗೆ ಹಾಲು ತರಲು ಹೊರಟ ಅತ್ತೆ ಅಲ್ಲೇ ಜಾರಿಬಿದ್ದರು. ಮೊಣಕೈ ತರಚಿತು, ಅಷ್ಟರಲ್ಲೇ ಮುಗಿಯಿತು. ಆದರೆ ಅವತ್ತು ಸಂಜೆಯೇ ಮನೆಯಲ್ಲಿ ಹುಕುಂ ಆಯಿತು: "ಅದಕ್ಕೆ ಏನಾದ್ರೂ ಬಳಿಸಿ."

ನಾನು ಪೇಟೆಗೆ ಹೋಗಿ ಅಂಗಡಿಯವರು ತೋರಿಸಿದ, ಒದ್ದೆ ಕಲ್ಲಿನ ಹಾಗೆ ಹೊಳೆಯುವ ಸೀಲರ್ ತಂದೆ, ಅಂದರೆ ನೀರು ಇಳಿಯದ ಹಾಗೆ ಬ್ಲಾಕಿಗೆ ಬಳಿಯುವ ದ್ರವ. ನವೆಂಬರ್ ಕೊನೆಯ ವಾರ. ಮಳೆ ನಿಂತಿತ್ತು, ಬಿಸಿಲೂ ಇತ್ತು. ಸಂಜೆ ಐದರವರೆಗೆ ಕೂತು ಬಳಿದೆವು. ಬೆಳಿಗ್ಗೆ ಎದ್ದು ನೋಡಿದರೆ ಅಂಗಳದ ತುಂಬ ಮಜ್ಜಿಗೆ ಚೆಲ್ಲಿದ ಹಾಗೆ ಬಿಳಿ ಬಿಳಿ. ರಾತ್ರಿ ಬಿದ್ದ ಇಬ್ಬನಿ ಮೇಲಿನಿಂದ, ಬ್ಲಾಕಿನ ಒಳಗೆ ಉಳಿದಿದ್ದ ತೇವ ಕೆಳಗಿನಿಂದ, ಎರಡೂ ಸೇರಿ ಆ ಪದರವನ್ನು ಹಾಳು ಮಾಡಿದ್ದವು. ಅದನ್ನು ಸರಿ ಮಾಡಲು ಫೆಬ್ರವರಿವರೆಗೆ ಕಾಯಬೇಕಾಯಿತು.

ಆಮೇಲಿನ ವರ್ಷಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಸೀಲರ್ ಅನ್ನುವುದು ಈ ಕೆಲಸದಲ್ಲಿ ಕಟ್ಟಕಡೆಯದು. ಎಷ್ಟೋ ಅಂಗಳಗಳಿಗೆ ಅದು ಬೇಕಾಗುವುದೂ ಇಲ್ಲ.

ಬ್ಲಾಕನ್ನು ಹಿಡಿದಿಟ್ಟಿರುವುದು ಸಂದಿನ ಮರಳು

ಇಂಟರ್‌ಲಾಕ್ ಬ್ಲಾಕಿಗೆ ಕೆಳಗೆ ಸಿಮೆಂಟ್ ಇಲ್ಲ, ಪಕ್ಕದಲ್ಲೂ ಇಲ್ಲ. ಕೆಳಗೆ ಗಟ್ಟಿ ಮಾಡಿದ ಮಣ್ಣು, ಅದರ ಮೇಲೆ ಜಲ್ಲಿ, ಅದರ ಮೇಲೆ ಒಂದರಿಂದ ಒಂದೂವರೆ ಇಂಚು ಮರಳು, ಅದರ ಮೇಲೆ ಬ್ಲಾಕು. ಎರಡು ಬ್ಲಾಕಿನ ನಡುವೆ 2ರಿಂದ 4 ಮಿಲಿಮೀಟರ್ ಸಂದು. ಆ ಸಂದಿನಲ್ಲಿ ತುಂಬಿದ ನುಣ್ಣನೆ ಮರಳೇ ಎಲ್ಲವನ್ನೂ ಬಿಗಿದು ಹಿಡಿದಿರುವುದು. ಕಾರಿನ ಚಕ್ರ ಒಂದು ಬ್ಲಾಕಿನ ಮೇಲೆ ನಿಂತಾಗ ಆ ಭಾರ ಮರಳಿನ ಮೂಲಕ ಅಕ್ಕಪಕ್ಕದ ಬ್ಲಾಕುಗಳಿಗೂ ಹಂಚಿಹೋಗುತ್ತದೆ. ಮರಳು ಹೋದರೆ ಒಂದೊಂದು ಬ್ಲಾಕೂ ಒಂಟಿ. ಆಗ ಅಲ್ಲಾಡುತ್ತದೆ, ಮೂಲೆ ಒಡೆಯುತ್ತದೆ, ಕೂರುತ್ತದೆ.

ಹಾಗಾಗಿ ವರ್ಷಕ್ಕೊಮ್ಮೆ ಮಾಡಬೇಕಾದ ಪರೀಕ್ಷೆ ತುಂಬ ಸುಲಭ. ಒಂದು ಹಳೇ ಸ್ಕೇಲನ್ನು ಹತ್ತು ಹದಿನೈದು ಕಡೆ ಸಂದಿನೊಳಗೆ ಇಳಿಸಿ ನೋಡಿ. ಬ್ಲಾಕಿನ ಅಂಚಿನಿಂದ ಅರ್ಧ ಇಂಚಿಗಿಂತ ಕೆಳಗೆ ಮರಳು ಇಳಿದಿದ್ದರೆ ತುಂಬಿಸುವ ಕಾಲ ಬಂತು ಅಂತ ಅರ್ಥ. ಸೂರಿನ ನೀರು ಬೀಳುವ ಗೆರೆಯಲ್ಲಿ, ಇಳಿಜಾರಿನ ಕೆಳಗೆ, ಕಾರಿನ ಚಕ್ರ ತಿರುಗುವ ಜಾಗದಲ್ಲಿ ಮೊದಲು ನೋಡಿ. ಅಲ್ಲೇ ಜಾಸ್ತಿ ಕೊಚ್ಚಿ ಹೋಗಿರುತ್ತದೆ. ಇರುವೆಗಳೂ ಕಮ್ಮಿ ಏನಲ್ಲ. ಸಂದಿನ ಪಕ್ಕ ಸಣ್ಣ ಮರಳು ಗುಡ್ಡೆ ಕಂಡರೆ ಅವು ಕೆಳಗಿನಿಂದ ಎತ್ತಿ ಹಾಕಿದ ಮರಳೇ.

ಬ್ಲಾಕಿನ ದಪ್ಪವನ್ನೂ ಒಮ್ಮೆ ಅಳೆದುಕೊಳ್ಳಿ. ಇಂಥ ಬ್ಲಾಕುಗಳ ಭಾರತೀಯ ಮಾನದಂಡವಾದ ಐಎಸ್ 15658ರ ಪ್ರಕಾರ ಕಾರು, ಬೈಕು ಓಡಾಡುವ ಜಾಗಕ್ಕೆ 60 ಮಿಲಿಮೀಟರ್ ದಪ್ಪದ, ಎಂ-35 ದರ್ಜೆಯ (ಕಾಂಕ್ರೀಟಿನ ಗಟ್ಟಿತನದ ಅಳತೆ) ಬ್ಲಾಕು ಬೇಕು. ಇನ್ನೂ ಭಾರದ ಓಡಾಟಕ್ಕೆ 80 ಮಿಲಿಮೀಟರ್, ಎಂ-40. ಕಾಫಿ ಮೂಟೆ ತುಂಬಿದ ಪಿಕಪ್, ಗೊಬ್ಬರದ ಟ್ರ್ಯಾಕ್ಟರು ದಿನಾ ಬರುವ ಅಂಗಳಕ್ಕೆ 60ರ ಬ್ಲಾಕು ಹಾಕಿಸಿದ್ದರೆ ಯಾವ ಸೀಲರ್ ಬಳಿದರೂ ಅದು ಕೂರುವುದು ತಪ್ಪುವುದಿಲ್ಲ.

ಯಾವ ತಿಂಗಳಲ್ಲಿ ಮಾಡಬೇಕು

ನಮ್ಮ ಕಡೆ ಇದೇ ಅರ್ಧ ಕೆಲಸ. ಅರಸೀಕೆರೆ, ಕಡೂರು ಕಡೆಯವರಿಗೆ ಒಣ ದಿನಗಳು ಬೇಕಾದಷ್ಟು ಸಿಗುತ್ತವೆ. ಹಾಸನ ಪೇಟೆಯಲ್ಲೂ ಪರವಾಗಿಲ್ಲ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯವರಿಗೆ ಲೆಕ್ಕ ಬಿಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತೇ ಇಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ಮೇಲೆ ಒಣಗಿದ ಹಾಗೆ ಕಂಡರೂ ಕೆಳಗಿನ ಮರಳು ನೆನೆದೇ ಇರುತ್ತದೆ. ಡಿಸೆಂಬರ್, ಜನವರಿಯಲ್ಲಿ ಹಗಲು ಚೆನ್ನ, ಆದರೆ ಇಬ್ಬನಿ ಜಾಸ್ತಿ. ಜೊತೆಗೆ ಕಾಫಿ ಕೊಯ್ಲು ಬೇರೆ. ಆಳುಗಳು ಸಿಗುವುದಿಲ್ಲ, ಅಂಗಳದ ತುಂಬ ಕಾಫಿ ಹರವಿರುತ್ತದೆ.

ಉಳಿಯುವುದು ಫೆಬ್ರವರಿ ಮತ್ತು ಮಾರ್ಚ್ ಮೊದಲ ಭಾಗ. ಅಷ್ಟರೊಳಗೆ ಹೂಮಳೆ ಬಂದರೆ ಕಾಫಿಗೆ ಒಳ್ಳೆಯದು, ನಮ್ಮ ಸೀಲರ್‌ಗೆ ಕೆಟ್ಟದ್ದು! ಅದಕ್ಕೇ ನಾನು ಕೆಲಸವನ್ನು ಎರಡು ಭಾಗ ಮಾಡಿಕೊಂಡಿದ್ದೇನೆ. ಪಾಚಿ, ಕಳೆ, ಕಲೆ ತೆಗೆಯುವುದು, ಕೂತ ಬ್ಲಾಕು ಎತ್ತಿ ಹಾಕುವುದು ಕೈ ಬಿಡುವಾದಾಗ, ಯಾವ ಒಣ ವಾರದಲ್ಲಾದರೂ ಸರಿ. ಮರಳು ತುಂಬುವುದು ಮತ್ತು ಸೀಲರ್ ಮಾತ್ರ ಫೆಬ್ರವರಿಗೆ.

ಹೊಸದಾಗಿ ಹಾಕಿಸಿದವರು ಇನ್ನೂ ಕಾಯಬೇಕು. ಹೊಸ ಬ್ಲಾಕಿನ ಮೇಲೆ ಬಿಳಿ ಹುಡಿ ಏಳುತ್ತದಲ್ಲ, ಅದು ಕೊಳೆಯಲ್ಲ. ಸಿಮೆಂಟಿನ ಒಳಗಿನ ಸುಣ್ಣ ನೀರಿನ ಜೊತೆ ಮೇಲೆ ಬಂದು, ಗಾಳಿ ತಾಗಿ ಬಿಳಿಯಾಗಿ ಗಟ್ಟಿಯಾಗುವುದು. ಅದು ಇರುವಾಗಲೇ ಸೀಲರ್ ಬಳಿದರೆ ಬಿಳಿ ಕಲೆ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಒಂದು ಮಳೆಗಾಲ ಸುಮ್ನೆ ಬಿಡಿ. ಬಹುಪಾಲು ಮಳೆಯೇ ತೊಳೆದುಕೊಂಡು ಹೋಗುತ್ತದೆ.

ಪಾಚಿ ತೆಗೆಯುವುದು

ಮೊದಲು ಒಣ ಗುಡಿಸಾಟ. ತೆಂಗಿನ ಕಡ್ಡಿ ಪೊರಕೆಗಿಂತ ಒಳ್ಳೆಯ ಸಾಮಾನು ಇದಕ್ಕೆ ಇಲ್ಲ. ಎಲೆ, ಮಣ್ಣು, ಒಣಗಿದ ಪಾಚಿಯ ಸಿಪ್ಪೆ ಎಲ್ಲ ಹೋಗಲಿ. ದಪ್ಪ ಪಾಚಿ ಇರುವ ಕಡೆ ಕರಣೆಯಿಂದ ಅಡ್ಡಲಾಗಿ ಕೆರೆದುಬಿಡಿ. ಒಣಗಿದಾಗ ಕೆರೆದರೆ ಚಪಾತಿ ಎದ್ದ ಹಾಗೆ ಏಳುತ್ತದೆ. ಒದ್ದೆ ಇದ್ದಾಗ ಕೆರೆದರೆ ಬರೀ ಮೆತ್ತುತ್ತದೆ.

ಉಳಿದದ್ದಕ್ಕೆ ಬ್ಲೀಚಿಂಗ್ ಪೌಡರ್ ಸಾಕು. 10 ಲೀಟರ್ ನೀರಿಗೆ ಸುಮಾರು 200 ಗ್ರಾಂ ಹಾಕಿ ಕಲಕಿ. ಅರ್ಧ ಗಂಟೆ ಬಿಟ್ಟರೆ ಸುಣ್ಣದಂಥ ಗಸಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಳಸಿ. ಗಸಿ ಸಮೇತ ಸುರಿದರೆ ಅದೇ ಇನ್ನೊಂದು ಬಿಳಿ ಕಲೆ. ತಿಳಿ ಹಾಕಿ 15-20 ನಿಮಿಷ ಬಿಟ್ಟು ಗಟ್ಟಿ ಬ್ರಶ್ಶಿನಲ್ಲಿ ಉಜ್ಜಿ, ಧಾರಾಳವಾಗಿ ನೀರು ಹಾಕಿ ತೊಳೆಯಿರಿ. ಮೋಡ ಮುಚ್ಚಿದ ದಿನ ಅಥವಾ ಬೆಳಿಗ್ಗೆ ಬೇಗ ಮಾಡಿದರೆ ಒಳ್ಳೆಯದು. ಬಿಸಿಲಿಗೆ ತಿಳಿ ಬೇಗ ಆರಿ ಕೆಲಸ ಮಾಡುವುದಿಲ್ಲ. ಆ ನೀರು ಬಾವಿ ಕಡೆ, ಹೂವಿನ ಗಿಡದ ಬುಡಕ್ಕೆ ಹರಿಯದ ಹಾಗೆ ಮೊದಲೇ ದಾರಿ ನೋಡಿಕೊಳ್ಳಿ. ನಾಯಿಯನ್ನು ಕಟ್ಟಿಹಾಕಿ.

ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಬ್ಲೀಚಿಂಗ್ ಪೌಡರ್ ಹಾಕಿದ ಜಾಗಕ್ಕೆ ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಲೇಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಎದೆ ಹಿಡಿದುಕೊಳ್ಳುವ ವಿಷ ಅದು. ಆಸಿಡ್ ಬೇಕೇಬೇಕಾದರೆ ಪೂರ್ತಿ ತೊಳೆದು, ಒಣಗಿಸಿ, ಬೇರೆ ದಿನ.

ನಮ್ಮ ಕಡೆ ಇನ್ನೊಂದು ಉಪಾಯ ಎಲ್ಲರ ಬಾಯಲ್ಲೂ ಇದೆ. "ಅಡಿಕೆಗೆ ಹೊಡೆದು ಮಿಕ್ಕಿದ ಬೋರ್ಡೋ ದ್ರಾವಣ ಹೊಡೀರಿ ಸಾರ್, ಪಾಚಿ ಸತ್ತೇ ಹೋಗುತ್ತೆ" ಅಂತ ನಮ್ಮ ಮೇಸ್ತ್ರಿಯೂ ಹೇಳಿದ್ದರು. ಸಾಯುವುದು ನಿಜ. ಅದರಲ್ಲಿರುವ ಮೈಲುತುತ್ತ, ಅಂದರೆ ತಾಮ್ರದ ಲವಣ, ಪಾಚಿಗೆ ಕಾಲನೇ. ಆದರೆ ಬ್ಲಾಕು ನೀಲಿ ತಿರುಗುತ್ತದೆ, ಆ ನೀಲಿ ಬೇಗ ಹೋಗುವುದಿಲ್ಲ. ತಾಮ್ರ ಮಣ್ಣಿನಲ್ಲಿ ಕರಗಿ ಮಾಯವಾಗುವ ವಸ್ತುವೂ ಅಲ್ಲ, ವರ್ಷ ವರ್ಷ ಸೇರುತ್ತಲೇ ಹೋಗುತ್ತದೆ. ತೋಟಕ್ಕೆ ಬೇಕಾದಷ್ಟು ಹೊಡೆದೇ ಇರುತ್ತೇವೆ, ಅಂಗಳಕ್ಕೂ ಯಾಕೆ?

ಪ್ರೆಶರ್ ವಾಷರ್ ಇದ್ದವರಿಗೆ ಒಂದು ಮಾತು. ಸೂಜಿಯ ಹಾಗೆ ಒಂದೇ ಕಡೆ ಹೊಡೆಯುವ ನಳಿಗೆ ಬೇಡ. ಬೀಸಣಿಗೆಯ ಹಾಗೆ ಅಗಲವಾಗಿ ಹರಡುವ ನಳಿಗೆ ಹಾಕಿ, ಬ್ಲಾಕಿನಿಂದ ಒಂದು ಅಡಿ ದೂರ ಹಿಡಿದು, ಓರೆಯಾಗಿ ಹೊಡೆಯಿರಿ. ನೇರವಾಗಿ ಸಂದಿನೊಳಗೆ ಹೊಡೆದರೆ ಮರಳೆಲ್ಲ ಎದ್ದು ಮುಖಕ್ಕೇ ಬರುತ್ತದೆ. ತುಂಬ ಹತ್ತಿರ ಹಿಡಿದರೆ ಬ್ಲಾಕಿನ ಮೇಲಿನ ಬಣ್ಣದ ಪದರ ಕಿತ್ತುಹೋಗಿ ಜಲ್ಲಿ ಕಾಣಿಸುತ್ತದೆ. ಅಂಥ ಒರಟು ಮೈಯಲ್ಲಿ ಮುಂದಿನ ಮಳೆಗೆ ಪಾಚಿ ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಪ್ರೆಶರ್ ವಾಷರ್ ಓಡಿಸಿದ ಮೇಲೆ ಮರಳು ತುಂಬಿಸದೆ ಬಿಡುವುದು ಅಂದರೆ ಅರ್ಧ ಕೆಲಸ ಮಾಡಿ ಪೂರ್ತಿ ಹಾಳು ಮಾಡಿದ ಹಾಗೆ.

ಕಳೆಯ ವಿಷಯ ಚಿಕ್ಕದು. ಸಂದಿನ ಹುಲ್ಲು ಬಹುಪಾಲು ಕೆಳಗಿನಿಂದ ಬರುವುದಲ್ಲ, ಮೇಲೆ ಕೂತ ದೂಳಿನಲ್ಲಿ ಬೀಜ ಬಿದ್ದು ಹುಟ್ಟುವುದು. ಹದಿನೈದು ದಿನಕ್ಕೊಮ್ಮೆ ಚೆನ್ನಾಗಿ ಗುಡಿಸಿದರೆ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲ. ಹುಟ್ಟಿದ್ದನ್ನು ಮಳೆ ಬಂದ ಮರುದಿನ ಕಿತ್ತರೆ ಬೇರು ಸಮೇತ ಬರುತ್ತದೆ. ಕೊನ್ನಾರಿ ಮಾತ್ರ ಹಟಮಾರಿ, ಗೆಡ್ಡೆ ಒಳಗೇ ಉಳಿದು ಮತ್ತೆ ಚಿಗುರುತ್ತದೆ. ಅದು ಜಾಸ್ತಿ ಇದ್ದ ಕಡೆ ಬ್ಲಾಕು ಎತ್ತಿ ಗೆಡ್ಡೆ ಆರಿಸುವುದೇ ದಾರಿ.

ಕಲೆಗೊಂದು ಮದ್ದು

ಎಣ್ಣೆ ಕಲೆ: ಜೀಪಿನಿಂದ ತೊಟ್ಟಿಕ್ಕಿದ ಆಯಿಲ್ ಆಗಲಿ, ಕಾರ್ತಿಕದ ದೀಪದ ಎಣ್ಣೆಯಾಗಲಿ, ಹಸಿ ಇರುವಾಗ ಒರೆಸಲು ಹೋಗಬೇಡಿ, ಹರಡುತ್ತದೆ. ಮರದ ಹುಡಿ ಅಥವಾ ಒಣ ಮಣ್ಣು ದಪ್ಪಗೆ ಸುರಿದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಗುಡಿಸಿ ತೆಗೆದು, ಸೋಪಿನ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಗಟ್ಟಿಯಾಗಿ ಕಲಸಿ ಹಚ್ಚಿ, ಒಂದು ಗಂಟೆ ಬಿಟ್ಟು ಬಿಸಿನೀರು ಹಾಕಿ ಉಜ್ಜಿ. ಹಳೇ ಕಲೆ ಒಂದೇ ಸಲಕ್ಕೆ ಹೋಗುವುದಿಲ್ಲ, ಎರಡು ಮೂರು ಸಲ ಬೇಕು. ಕಪ್ಪು ಪೂರ್ತಿ ಒಳಗೆ ಇಳಿದಿದ್ದರೆ ಆ ಬ್ಲಾಕನ್ನು ತಿರುವಿ ಹಾಕಿ ನೋಡಿ. ಕೆಳಗಿನ ಮೈಯೂ ಚೆನ್ನಾಗಿದ್ದರೆ ಅದೃಷ್ಟ. ಮೇಲೆ ಮಾತ್ರ ಬಣ್ಣದ ಪದರ ಇರುವ ಬ್ಲಾಕಾದರೆ ಬದಲಿಸಬೇಕು.

ತುಕ್ಕು ಮತ್ತು ಎಲೆಯ ಕಂದು ಕಲೆ: ಗೇಟಿನ ಕೆಳಗೆ ತುಕ್ಕು ಇಳಿದಿರುತ್ತದೆ. ಸಿಲ್ವರ್ ಓಕ್ ಎಲೆ, ಹಲಸಿನ ಎಲೆ ಒದ್ದೆಯಾಗಿ ಕೊಳೆತ ಕಡೆ ಚಹಾದ ಬಣ್ಣದ ಅಚ್ಚು ಉಳಿದಿರುತ್ತದೆ. ಎರಡಕ್ಕೂ ಆಕ್ಸಾಲಿಕ್ ಆಸಿಡ್ ಪುಡಿ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು ಲೀಟರ್ ಉಗುರು ಬೆಚ್ಚಗಿನ ನೀರಿಗೆ 50 ಗ್ರಾಂ. ಹಚ್ಚಿ 10 ನಿಮಿಷ ಬಿಟ್ಟು ತೊಳೆಯಿರಿ. ಇದು ವಿಷ. ಕೈಗವಸು ಬೇಕು, ಮಕ್ಕಳ ಕೈಗೆ ಸಿಗಬಾರದು, ಅಡುಗೆ ಮನೆಯ ಪಾತ್ರೆಯಲ್ಲಿ ಕಲಸಬಾರದು.

ಕುಂಕುಮದ ಕಲೆ: ಆಯುಧಪೂಜೆ ದಿನ ಗಾಡಿ ಮುಂದೆ ಕುಂಕುಮ ತುಂಬಿದ ಬೂದುಗುಂಬಳ ಒಡೆಯದ ಮನೆ ನಮ್ಮ ಬೀದಿಯಲ್ಲಿ ಒಂದೂ ಇಲ್ಲ. ಮರುದಿನ ಅಂಗಳ ನೋಡಬೇಕು. ಅದರ ಕೆಂಪು ಬ್ಲಾಕಿನ ಒಳಗೆ ಇಳಿಯುವುದು ರಸದ ಜೊತೆ ಸೇರಿ ನೆನೆದಾಗ. ಪೂಜೆ ಮುಗಿದು ಗಾಡಿ ಒಂದು ಸುತ್ತು ಹೋಗಿ ಬಂದ ತಕ್ಷಣ ಹೋಳು ಎತ್ತಿ, ನೀರು ಹಾಕಿ ತೊಳೆದುಬಿಟ್ಟರೆ ಏನೂ ಉಳಿಯುವುದಿಲ್ಲ. ಇನ್ನೂ ಸುಲಭ ಅಂದರೆ ಗೇಟಿನ ಹೊರಗೆ ಮಣ್ಣಿನ ಮೇಲೆ ಒಡೆಯುವುದು. ಹೋಳಿನ ಮೇಲೆ ಬೈಕು ಜಾರುವುದೂ ತಪ್ಪುತ್ತದೆ.

ಬಿಳಿ ಹುಡಿ: ಒಂದು ಮಳೆಗಾಲ ಕಳೆದರೂ ಹೋಗದಿದ್ದರೆ ಮೊದಲು ಒಣ ಬ್ರಶ್ಶಿನಲ್ಲಿ ಉಜ್ಜಿ. ಆಮೇಲೂ ಉಳಿದರೆ ಮಾತ್ರ ವಿನೆಗರ್‌ನಂಥ ಮೆದು ಆಮ್ಲ, ಅದೂ ಮೂಲೆಯ ಎರಡು ಬ್ಲಾಕಿನ ಮೇಲೆ ಪ್ರಯೋಗ ಮಾಡಿ ನೋಡಿ. ಆಸಿಡ್ ಸುಣ್ಣವನ್ನಷ್ಟೇ ತಿನ್ನುವುದಿಲ್ಲ, ಸಿಮೆಂಟನ್ನೂ ತಿನ್ನುತ್ತದೆ. ಕೆಂಪು ಬ್ಲಾಕು ಮಾಸಿಹೋಗುವುದು ಹೀಗೇ.

ಕೂತ ಜಾಗ ಎತ್ತುವುದು

ನೀರು ನಿಲ್ಲುವ ಗುಂಡಿ ಇದ್ದರೆ ಸೀಲರ್‌ಗೆ ಮುಂಚೆ ಸರಿಮಾಡಿ. ನೀರು ನಿಂತ ಕಡೆಯೇ ಪಾಚಿ. ಎರಡು ಚಪ್ಪಟೆ ಸ್ಕ್ರೂಡ್ರೈವರ್ ತೆಗೆದುಕೊಂಡು ಒಂದು ಬ್ಲಾಕಿನ ಎರಡು ಬದಿಯಲ್ಲಿ ಇಳಿಸಿ, ಸ್ವಲ್ಪ ಸ್ವಲ್ಪ ಮೀಟಿ. ಮೊದಲನೆಯದು ಎದ್ದರೆ ಉಳಿದವು ಕೈಯಲ್ಲೇ ಬರುತ್ತವೆ. ಎತ್ತುವ ಮುಂಚೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಅಂಕುಡೊಂಕು ಬ್ಲಾಕಿನ ಜೋಡಣೆ ಆಮೇಲೆ ನೆನಪಾಗುವುದಿಲ್ಲ, ನನ್ನ ಮಗ ಇದನ್ನು ಆಟದ ಒಗಟಿನ ಹಾಗೆ ಸಂಜೆವರೆಗೆ ಬಿಡಿಸಿದ.

ಗುಂಡಿಗಿಂತ ಒಂದು ಅಡಿ ಜಾಸ್ತಿ ಅಗಲ ಎತ್ತಿ. ಕೆಳಗೆ ಏನಾಗಿದೆ ನೋಡಿ. ಮರಳು ಮಾತ್ರ ಸರಿದಿದ್ದರೆ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ಹಾಕಿ ಮಟ್ಟ ಮಾಡಿದರೆ ಆಯಿತು. ಜಲ್ಲಿಯೇ ಕುಸಿದಿದ್ದರೆ ಅದನ್ನು ತುಂಬಿ, ನೀರು ಚಿಮುಕಿಸಿ, ದಮ್ಮಸ್ಸು ಮಾಡಿ, ಆಮೇಲೆ ಮರಳು. ತಗ್ಗಿಗೆಲ್ಲ ಬರೀ ಮರಳನ್ನೇ ದಪ್ಪಗೆ ತುಂಬಿದರೆ ಅಲ್ಲೇ ಮತ್ತೆ ಕೂರುತ್ತದೆ. ಹೆಗ್ಗಣದ ಬಿಲವೋ ಒಡೆದ ಪೈಪೋ ಸಿಕ್ಕಿದರೆ ಮೊದಲು ಅದರ ಕಥೆ ಮುಗಿಸಿ. ಹೊಸದಾಗಿ ಜೋಡಿಸಿದ ಬ್ಲಾಕು ಸುತ್ತಲಿನದಕ್ಕಿಂತ ಒಂದು ಕಾಲು ಇಂಚಿನಷ್ಟು ಎತ್ತರ ಇರಲಿ, ರಬ್ಬರ್ ಸುತ್ತಿಗೆಯ ಪೆಟ್ಟಿಗೆ, ಕಾರಿನ ಭಾರಕ್ಕೆ ಅದು ಇಳಿದು ಸಮವಾಗುತ್ತದೆ.

ಇಳಿಜಾರು 50ಕ್ಕೆ 1 ಇರಬೇಕು. ಅಂದರೆ 10 ಅಡಿ ದೂರಕ್ಕೆ ಸುಮಾರು ಎರಡೂವರೆ ಇಂಚು. ರಸಮಟ್ಟ ಇಟ್ಟು ನೋಡಿ, ಅಥವಾ ಒಂದು ಬಕೆಟ್ ನೀರು ಸುರಿದು ಎಲ್ಲಿಗೆ ಓಡುತ್ತದೆ ಅಂತ ನೋಡಿ. ಅಂಚಿನ ಕಾಂಕ್ರೀಟ್ ಕಟ್ಟೆ ಬಿರುಕು ಬಿಟ್ಟಿದ್ದರೆ ಅದನ್ನೂ ಈಗಲೇ ಕಟ್ಟಿಸಿ. ಅಂಚು ಸಡಿಲವಾದರೆ ಇಡೀ ಅಂಗಳ ನಿಧಾನಕ್ಕೆ ಅಗಲವಾಗುತ್ತ ಹೋಗುತ್ತದೆ.

ಮರಳು ತುಂಬುವುದು

ತೊಳೆದ ಮೇಲೆ ಎರಡು ಮೂರು ದಿನ ಬಿಸಿಲು ಬೀಳಲಿ. ಮರಳು ಪೂರ್ತಿ ಒಣಗಿರಬೇಕು, ಬ್ಲಾಕೂ ಒಣಗಿರಬೇಕು. ಒದ್ದೆ ಮರಳು ಸಂದಿನ ಬಾಯಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ, ಒಳಗೆ ಟೊಳ್ಳು. ನುಣ್ಣನೆ ಎಂ-ಸ್ಯಾಂಡ್ ತಂದು ಜರಡಿ ಹಿಡಿದು, ಟಾರ್ಪಾಲಿನ ಮೇಲೆ ಹರವಿ ಕಾಫಿ ಒಣಗಿಸಿದ ಹಾಗೆ ಒಂದು ದಿನ ಒಣಗಿಸಿ. ಕ್ರಷರ್ ದೂಳು ಬೇಡ. ಅದರಲ್ಲಿ ಹಿಟ್ಟಿನಂಥ ಪುಡಿ ಜಾಸ್ತಿ, ನೀರು ಹಿಡಿದಿಟ್ಟು ಕೆಸರಾಗುತ್ತದೆ.

ಎಷ್ಟು ಬೇಕು? 60 ಮಿಲಿಮೀಟರ್ ಬ್ಲಾಕು, 3 ಮಿಲಿಮೀಟರ್ ಸಂದು ಅಂತ ಲೆಕ್ಕ ಹಾಕಿದರೆ 100 ಚದರ ಅಡಿಯ ಸಂದೆಲ್ಲ ಖಾಲಿ ಇದ್ದರೂ ಹಿಡಿಯುವುದು ಸುಮಾರು 25 ಲೀಟರ್ ಮರಳು, ಎರಡು ಬಕೆಟ್ಟಿಗಿಂತ ಕಮ್ಮಿ. ಮೇಲಷ್ಟೇ ತುಂಬಿಸುವುದಾದರೆ ಒಂದು ಬಕೆಟ್ ಸಾಕು. ನಾನು ಮೊದಲ ಸಲ ಅರ್ಧ ಟ್ರ್ಯಾಕ್ಟರ್ ತರಿಸಿ, ಉಳಿದದ್ದನ್ನು ಎಲ್ಲಿ ಹಾಕುವುದು ಅಂತ ತಿಂಗಳುಗಟ್ಟಲೆ ಯೋಚನೆ ಮಾಡಿದೆ.

ಮರಳು ಸುರಿದು, ಮೆತ್ತನೆ ಪೊರಕೆಯಲ್ಲಿ ಸಂದಿಗೆ ಓರೆಯಾಗಿ ತಳ್ಳುತ್ತ ಹೋಗಿ. ಕಂಪನಕ್ಕೆ ಅದು ಒಳಗಿಳಿಯಬೇಕು. ದೊಡ್ಡ ಅಂಗಳವಾದರೆ ಕೆಳಗೆ ರಬ್ಬರ್ ಹಾಳೆ ಇರುವ ಪ್ಲೇಟ್ ಕಾಂಪ್ಯಾಕ್ಟರ್ (ನಡುಗಿಸುತ್ತ ನೆಲ ಒತ್ತುವ ಯಂತ್ರ) ಒಂದು ದಿನಕ್ಕೆ ಬಾಡಿಗೆ ತನ್ನಿ. ಸಣ್ಣದಕ್ಕೆ ರಬ್ಬರ್ ಸುತ್ತಿಗೆ, ಹಲಗೆ ಸಾಕು. ಇಳಿದ ಮೇಲೆ ಮತ್ತೆ ಮರಳು, ಮತ್ತೆ ಕಂಪನ. ಮರಳು ಅಂಚಿನಿಂದ ಎರಡು ಮೂರು ಮಿಲಿಮೀಟರ್ ಕೆಳಗೆ ನಿಲ್ಲುವವರೆಗೆ.

ಇಲ್ಲಿ ಮೇಸ್ತ್ರಿಗಳ ಜೊತೆ ಒಂದು ಜಗಳ ಖಂಡಿತ. "ಒಂದು ಮೂಟೆ ಸಿಮೆಂಟ್ ಕಲಸಿ ಗುಡಿಸಿಬಿಡ್ತೀನಿ, ನೀರು ಹೊಡೆದ್ರೆ ಕಲ್ಲಾಗುತ್ತೆ" ಅನ್ನುತ್ತಾರೆ. ಒಪ್ಪಬೇಡಿ. ಇಂಟರ್‌ಲಾಕ್ ಅನ್ನುವುದು ಭಾರಕ್ಕೆ ಕೂದಲೆಳೆಯಷ್ಟು ಅಲ್ಲಾಡಲೆಂದೇ ಮಾಡಿದ್ದು. ಸಿಮೆಂಟ್ ಅಲ್ಲಾಡುವುದಿಲ್ಲ, ಬಿರಿಯುತ್ತದೆ. ಬಿರುಕಿನಲ್ಲಿ ನೀರು ಒಳಗೆ ಹೋಗುತ್ತದೆ, ಆರಿ ಹೊರಗೆ ಬರಲು ಜಾಗ ಇರುವುದಿಲ್ಲ. ಬ್ಲಾಕಿನ ಮೇಲೆ ಬೂದು ಬಣ್ಣದ ಕಲೆ ಬೇರೆ. ಮುಂದೆ ಪೈಪು ರಿಪೇರಿಗೆ ಬ್ಲಾಕು ಎತ್ತಬೇಕಾದರೆ ಒಡೆದೇ ಎತ್ತಬೇಕು.

ನೀರು ಬಿದ್ದ ಮೇಲೆ ಗಟ್ಟಿಯಾಗುವ ಪಾಲಿಮರ್ ಮರಳೂ ಸಿಗುತ್ತದೆ. ಕಳೆ ತಡೆಯುತ್ತದೆ, ಇರುವೆಯೂ ಕಮ್ಮಿ. ಬಿಸಿಲು ಚೆನ್ನಾಗಿ ಬೀಳುವ ಹಾಸನ, ಕಡೂರಿನ ಅಂಗಳಕ್ಕೆ ಹಾಕಬಹುದು. ಮರದ ನೆರಳಿನ ನಮ್ಮಂಥ ಅಂಗಳಕ್ಕೆ ನಾನು ಹೇಳುವುದಿಲ್ಲ. ಹಾಕುವಾಗ ಒಂದಿಷ್ಟೂ ತೇವ ಇರಬಾರದು, ಮೇಲೆ ಪುಡಿ ಉಳಿದರೆ ಬಿಳಿ ಪೊರೆಯಾಗಿ ಅಂಟುತ್ತದೆ, ವರ್ಷದಲ್ಲಿ ನಾಲ್ಕೈದು ತಿಂಗಳು ಒದ್ದೆ ಇರುವ ಕಡೆ ಅದು ಮೆತ್ತಗೇ ಉಳಿಯುತ್ತದೆ.

ಸೀಲರ್ ಬೇಕಾ? ಬೇಕಾದರೆ ಯಾವುದು?

ಸೀಲರ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ಮೇಲೆ ಪದರ ಕಟ್ಟುವ ಅಕ್ರಿಲಿಕ್. ಬಣ್ಣ ಎದ್ದು ಕಾಣುತ್ತದೆ, ಹೊಳಪು ಬರುತ್ತದೆ, ಸಂದಿನ ಮೇಲಿನ ಮರಳನ್ನೂ ಸ್ವಲ್ಪ ಹಿಡಿಯುತ್ತದೆ. ಆದರೆ ಒಳಗಿನ ತೇವ ಹೊರಗೆ ಹೋಗಲು ಸುಲಭವಾಗಿ ಬಿಡುವುದಿಲ್ಲ. ಒದ್ದೆಯಾದಾಗ ಜಾರುತ್ತದೆ. ಒಂದೆರಡು ವರ್ಷಕ್ಕೆ ಮತ್ತೆ ಬಳಿಯಬೇಕು. ಇನ್ನೊಂದು, ಒಳಗೆ ಇಳಿಯುವ ಸಿಲೇನ್-ಸಿಲೋಕ್ಸೇನ್ ಜಾತಿ. ಬಳಿದದ್ದೇ ಗೊತ್ತಾಗುವುದಿಲ್ಲ, ಹೊಳಪೂ ಇಲ್ಲ. ಆದರೆ ಕೆಸುವಿನ ಎಲೆಯ ಮೇಲಿನ ಹಾಗೆ ನೀರು ಹನಿ ಹನಿಯಾಗಿ ಜಾರಿಹೋಗುತ್ತದೆ, ಒಳಗಿನ ಆವಿ ಮಾತ್ರ ಹೊರಗೆ ಬರುತ್ತದೆ. ಬ್ಲಾಕು ನೀರು ಕುಡಿಯದಿದ್ದರೆ ಬೇಗ ಒಣಗುತ್ತದೆ, ಬೇಗ ಒಣಗಿದರೆ ಪಾಚಿ ಕಮ್ಮಿ. ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳುತ್ತದೆ.

ನನ್ನ ಅಭಿಪ್ರಾಯ ನೇರ. ಮಲೆನಾಡಿನ ಅಂಗಳಕ್ಕೆ ಹೊಳೆಯುವ ಸೀಲರ್ ಬೇಡ. ಅಜ್ಜ ಅಜ್ಜಿ ಓಡಾಡುವ, ಇಳಿಜಾರಿನ, ನೆರಳಿನ ಅಂಗಳಕ್ಕಂತೂ ಬೇಡವೇ ಬೇಡ. ಒಳಗಿಳಿಯುವ ಜಾತಿ ಹಾಕಿ. ದುಡ್ಡಿಲ್ಲ ಅಂದರೆ ಸೀಲರ್ ಬಿಟ್ಟು ಮರಳು ಮಾತ್ರ ತುಂಬಿಸಿ, ಮರದ ಒಂದೆರಡು ಕೊಂಬೆ ಕಡಿಸಿ ಬಿಸಿಲು ಬೀಳುವ ಹಾಗೆ ಮಾಡಿ. ಒಂದೆರಡು ಕೊಂಬೆ ಮಾಡುವ ಕೆಲಸವನ್ನು ಎಷ್ಟೋ ಸಲ ಐದು ಲೀಟರ್ ಡಬ್ಬಿ ಮಾಡುವುದಿಲ್ಲ. ಹೊಳಪೇ ಬೇಕು ಅನ್ನುವವರು ಜಾರದಿರಲು ಸೀಲರ್‌ಗೆ ಬೆರೆಸುವ ನುಣ್ಣನೆ ಹರಳಿನ ಪುಡಿಯನ್ನು ಕೇಳಿ ತರಬೇಕು.

ಕಾಫಿ ಒಣಗಿಸುವ ಅಂಗಳವಾದರೆ ಇನ್ನೊಂದು ವಿಷಯ. ಕಾಫಿ ಬೀಜ ಪಕ್ಕದ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಥಿನ್ನರ್ ವಾಸನೆಯ ಸೀಲರ್ ಬಳಿದ ನೆಲದ ಮೇಲೆ ಕಾಫಿ ಹರವುವ ಯೋಚನೆಯನ್ನೇ ಬಿಡಿ. ಕಣ ಬೇರೆ, ಗಾಡಿ ನಿಲ್ಲಿಸುವ ಜಾಗ ಬೇರೆ ಇರಲಿ.

ಸೀಲರ್ ಬಳಿಯುವ ದಿನ

ಹಿಂದಿನ ರಾತ್ರಿ ಒಂದು ಪರೀಕ್ಷೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆರಳಿನ ಕಡೆಯ ಬ್ಲಾಕಿನ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ. ಬೆಳಿಗ್ಗೆ ಹಾಳೆಯ ಒಳಮೈ ಬೆವರಿದ್ದರೆ ಅಥವಾ ಕೆಳಗಿನ ಬ್ಲಾಕು ಕಪ್ಪಾಗಿದ್ದರೆ ಒಳಗೆ ಇನ್ನೂ ತೇವ ಇದೆ. ಕೆಲಸ ಮುಂದೂಡಿ. ನನ್ನ ನವೆಂಬರ್ ಕೆಲಸಕ್ಕೆ ಮುಂಚೆ ಈ ಹತ್ತು ರೂಪಾಯಿಯ ಪರೀಕ್ಷೆ ಗೊತ್ತಿದ್ದಿದ್ದರೆ!

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಒಂಬತ್ತೂವರೆ ಹತ್ತಕ್ಕೆ ಶುರು ಮಾಡಿ. ನಡು ಮಧ್ಯಾಹ್ನದ ಸುಡು ಬ್ಲಾಕಿನ ಮೇಲೆ ಬೇಡ, ಬಳಿಯುವಾಗಲೇ ಆರಿ ಗುಳ್ಳೆ ಏಳುತ್ತದೆ. ಮೂರು ಗಂಟೆಯ ಮೇಲೆ ಹೊಸ ಜಾಗ ಹಿಡಿಯಬೇಡಿ, ಇಬ್ಬನಿ ಬೀಳುವುದರೊಳಗೆ ಮೇಲ್ಮೈ ಆರಬೇಕು. ದೊಡ್ಡ ಅಂಗಳವಾದರೆ ಎರಡು ದಿನ ಇಟ್ಟುಕೊಳ್ಳಿ.

ಡಬ್ಬಿಯ ಮೇಲಿನ ಲೆಕ್ಕವನ್ನು ಪೂರ್ತಿ ನಂಬಬೇಡಿ, ಒಂದೊಂದು ಬ್ಲಾಕು ಒಂದೊಂದು ಥರ ಕುಡಿಯುತ್ತದೆ. 200 ಮಿಲಿಮೀಟರ್ ಉದ್ದ, 100 ಮಿಲಿಮೀಟರ್ ಅಗಲದ ಬ್ಲಾಕಾದರೆ 50 ಬ್ಲಾಕಿಗೆ ಒಂದು ಚದರ ಮೀಟರ್, ಅಂದರೆ ಹತ್ತು ಮುಕ್ಕಾಲು ಚದರ ಅಡಿ. ಕಾಲು ಲೀಟರ್ ಅಳೆದು ಎಷ್ಟು ಬ್ಲಾಕಿಗೆ ಬರುತ್ತದೆ ನೋಡಿ, ಆಮೇಲೆ ಡಬ್ಬಿ ತನ್ನಿ. ಅದೇ ತುಂಡಿನಲ್ಲಿ ಬಣ್ಣ ಹೇಗೆ ಬದಲಾಗುತ್ತದೆ ಅಂತಲೂ ಗೊತ್ತಾಗುತ್ತದೆ.

ಮನೆ ಬಾಗಿಲಿನಿಂದ ಶುರು ಮಾಡಿ ಗೇಟಿನ ಕಡೆ ಹಿಂದೆ ಹಿಂದೆ ಬನ್ನಿ. ಉಲ್ಟಾ ಮಾಡಿದರೆ ನಡುಮನೆಯಲ್ಲಿ ಬಂದಿ. ಗೋಡೆಯ ಬುಡಕ್ಕೆ ಬ್ರಶ್ಶು, ಬಯಲಿಗೆ ಸಣ್ಣ ಜುಂಗಿನ ರೋಲರ್. ನೀರಿನಂಥ ಸೀಲರ್‌ಗೆ ಗಿಡಕ್ಕೆ ಔಷಧಿ ಹೊಡೆಯುವ ಪಂಪೂ ಆಗುತ್ತದೆ, ಆದರೆ ಆ ಪಂಪನ್ನು ಮತ್ತೆ ತೋಟಕ್ಕೆ ಬಳಸಬೇಡಿ. ಒಂದು ದಪ್ಪ ಕೋಟಿಗಿಂತ ಎರಡು ತೆಳು ಕೋಟು ಮೇಲು. ಸಂದಿನಲ್ಲಿ ಮಡುಗಟ್ಟಿದ್ದನ್ನು ರೋಲರಿನಲ್ಲಿ ಎಳೆದುಬಿಡಿ. ಅಕ್ರಿಲಿಕ್ ಆದರೆ ಮೊದಲ ಕೋಟು ಕೈಗೆ ಅಂಟದಷ್ಟು ಆರಿದ ಮೇಲೆ ಎರಡನೆಯದು. ಒಳಗಿಳಿಯುವ ಜಾತಿಯಾದರೆ ಸಾಮಾನ್ಯವಾಗಿ ಮೊದಲನೆಯದು ಹಸಿ ಇರುವಾಗಲೇ ಎರಡನೆಯದು. ಡಬ್ಬಿಯ ಮೇಲೆ ಬರೆದಿರುತ್ತದೆ, ಈ ವಿಷಯದಲ್ಲಿ ಅದನ್ನು ನಂಬಿ.

ಥಿನ್ನರ್ ಬೆರೆತ ಸೀಲರ್ ಬೇಗ ಬೆಂಕಿ ಹಿಡಿಯುತ್ತದೆ. ಬೀಡಿ, ಸಿಗರೇಟು, ತುಳಸಿ ಕಟ್ಟೆಯ ದೀಪ ಯಾವುದೂ ಹತ್ತಿರ ಬೇಡ. ಮುಖಕ್ಕೆ ಬರೀ ಟವೆಲ್ ಕಟ್ಟಿಕೊಂಡರೆ ಸಾಲದು, ಆವಿ ತಡೆಯುವ ಮಾಸ್ಕ್ ಬೇಕು.

ಒಂದು ದಿನ ಯಾರೂ ತುಳಿಯಬಾರದು. ಕಾರು ಮೂರು ದಿನ ರಸ್ತೆಯಲ್ಲೇ ನಿಲ್ಲಲಿ. ಬಿಸಿ ಟೈರು ಹಸಿ ಪದರವನ್ನು ಕಿತ್ತುಕೊಂಡು ಹೋಗುತ್ತದೆ. ನೆರೆಯವರಿಗೂ ಮುಂಚೆ ಹೇಳಿಡಿ, ಪೇಪರ್ ಹುಡುಗನಿಗೂ.

ನನ್ನ ಹಾಗೆ ಬಿಳಿ ಮಾಡಿಕೊಂಡವರಿಗೆ ದಾರಿ ಇದೆ. ಥಿನ್ನರ್ ಬೆರೆತ ಅಕ್ರಿಲಿಕ್ ಆಗಿದ್ದರೆ, ಪೂರ್ತಿ ಒಣಗಿದ ಬಿಸಿಲಿನ ದಿನ, ಅದಕ್ಕೆ ಹೊಂದುವ ಥಿನ್ನರನ್ನು, ಸಾಮಾನ್ಯವಾಗಿ ಝೈಲೀನ್, ತೆಳ್ಳಗೆ ರೋಲರಿನಲ್ಲಿ ಎಳೆಯಿರಿ. ಪದರ ಮೆತ್ತಗಾಗಿ, ಸಿಕ್ಕಿಹಾಕಿಕೊಂಡ ತೇವ ಹೊರಗೆ ಹೋಗಿ, ಮತ್ತೆ ತಿಳಿಯಾಗಿ ಕೂರುತ್ತದೆ. ನಮ್ಮ ಅಂಗಳದಲ್ಲಿ ಮುಕ್ಕಾಲು ಭಾಗ ಹೀಗೇ ಸರಿಹೋಯಿತು. ಮರದ ಕೆಳಗಿನದು ಹೋಗಲಿಲ್ಲ, ಅಲ್ಲಿನ ಬ್ಲಾಕುಗಳನ್ನು ಎತ್ತಿ ಬದಲಿಸಿದೆವು.

ಆಮೇಲೆ

ಮುಂದಿನ ವರ್ಷಗಳಲ್ಲಿ ಕೆಲಸ ಕಮ್ಮಿ. ಹದಿನೈದು ದಿನಕ್ಕೊಮ್ಮೆ ಗುಡಿಸುವುದು. ಮೇ ತಿಂಗಳಲ್ಲಿ ಚರಂಡಿಯ ಎಲೆ ತೆಗೆದು, ಸೂರಿನ ದೋಣಿಯ ನೀರು ಅಂಗಳದ ನಡುವೆ ಬೀಳದ ಹಾಗೆ ಪೈಪ್ ತಿರುಗಿಸುವುದು. ಮಳೆಗಾಲದ ನಡುವೆ ಎರಡು ದಿನ ಹೊಳವಾದರೆ ಪಾಚಿಯ ಮೇಲೆ ಒಮ್ಮೆ ಬ್ರಶ್ಶು. ಅಕ್ಟೋಬರ್‌ನಲ್ಲಿ ಸ್ಕೇಲ್ ಪರೀಕ್ಷೆ. ಸೀಲರ್ ಇನ್ನೂ ಇದೆಯಾ ಅಂತ ತಿಳಿಯಲು ಒಂದು ಲೋಟ ನೀರು ಸಾಕು. ಹನಿಯಾಗಿ ನಿಂತರೆ ಇದೆ, ಬ್ಲಾಕು ಕುಡಿದು ಕಪ್ಪಾದರೆ ಇಲ್ಲ. ಚಕ್ರ ಓಡಾಡುವ ಪಟ್ಟಿಯಲ್ಲಿ ಮೊದಲು ಹೋಗುತ್ತದೆ. ಆಗ ಅಷ್ಟಕ್ಕೇ ಬಳಿದರೂ ಆಗುತ್ತದೆ.

ಬ್ಲಾಕು ಹಾಕಿಸುವಾಗ ಮಿಕ್ಕಿದ ಇಪ್ಪತ್ತು ಮೂವತ್ತನ್ನು ಯಾರಿಗೂ ಕೊಡಬೇಡಿ. ಅದೇ ಬಣ್ಣ, ಅದೇ ಅಚ್ಚು ನಾಲ್ಕು ವರ್ಷ ಬಿಟ್ಟು ಸಿಗುವುದು ಕಷ್ಟ. ಅವನ್ನು ಶೆಡ್ಡಿನೊಳಗೂ ಇಡಬೇಡಿ, ಮಳೆ ಬಿಸಿಲು ಬೀಳುವ ಕಡೆ ಹೊರಗೇ ಜೋಡಿಸಿ. ಅಂಗಳದ ಬ್ಲಾಕಿನ ಜೊತೆಗೆ ಅವೂ ಮಾಸುತ್ತ ಬರುತ್ತವೆ. ಬದಲಿಸಿದಾಗ ತೇಪೆ ಹಾಕಿದ ಹಾಗೆ ಕಾಣುವುದಿಲ್ಲ. ನಮ್ಮವು ಬಚ್ಚಲ ಹಿಂದಿನ ಗೋಡೆಗೆ ಒರಗಿವೆ, ಈಗ ಹನ್ನೊಂದು ಉಳಿದಿವೆ.